ಐದು ನದಿ ಹುಟ್ಟುವ ಸೀಮೆಯಲ್ಲಿ ನೀರಗಂಟಿ ಯಾಕೆ ಬೇಕಾದ?

ಕೋಲಾರ ಸೀಮೆಗೆ ನದಿಯೇ ಇಲ್ಲವಂತೆ, ಹಾಗಿದ್ದರೆ ನೂರಾರು ವರ್ಷ ಭತ್ತ ಬೆಳೆದದ್ದು ಹೇಗೆ ಅಂತ ಕೇಳಿದ್ದೀರಿ. ನದಿ ಇಲ್ಲ ಅನ್ನುವುದು ಅರ್ಧ ನಿಜ. ನಂದಿಬೆಟ್ಟದ ಆಸುಪಾಸಿನ ಗುಡ್ಡಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಪಾಪಾಗ್ನಿ, ಚಿತ್ರಾವತಿ ಐದೂ ಹುಟ್ಟುತ್ತವೆ. ಹುಟ್ಟಿದ್ದು ಇಲ್ಲಿ, ಹರಿದದ್ದು ಆಂಧ್ರಕ್ಕೆ, ತಮಿಳುನಾಡಿಗೆ. ನಮಗೆ ಸಿಕ್ಕಿದ್ದು ಮಳೆ ಬಂದ ನಾಲ್ಕು ದಿನ ಹರಿದು ಮತ್ತೆ ಮರಳಾಗುವ ಹಳ್ಳಗಳು. ವರ್ಷದ ಮಳೆ ಸುಮಾರು 700–750 ಮಿ.ಮೀ., ಅದರಲ್ಲೂ ಜೋರು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆ ಎರಡು ತಿಂಗಳಲ್ಲಿ ಹಿಡಿದಿಟ್ಟದ್ದೇ ವರ್ಷದ ಆಸ್ತಿ. ಹಾಗಾಗಿ ಇಲ್ಲಿ ಹಳ್ಳ ಇಳಿಯುವ ದಾರಿಗೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕೆರೆ ಕಟ್ಟಿದ್ದಾರೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೊಂದಕ್ಕೆ. ಕೆರೆಯ ನೀರನ್ನು ಗದ್ದೆಗಳಿಗೆ ಅಳೆದು ಬಿಡುತ್ತಿದ್ದ ಊರಿನ ಆಳೇ ನೀರಗಂಟಿ. ಬೇತಮಂಗಲದ ಕೆರೆ ಪಾಲಾರಿಗೇ ಅಡ್ಡಲಾಗಿ ಕಟ್ಟಿದ್ದು; ಕೆಜಿಎಫ್ ಗಣಿ ಊರಿಗೆ ಕುಡಿಯುವ ನೀರು ಅಲ್ಲಿಂದಲೇ ಹೋಗುತ್ತಿತ್ತು.

ಹೊರಗಿನವರು ಕೆರೆ ಅಂದರೆ ನೀರು ನಿಂತ ತಗ್ಗು ಅಂದುಕೊಳ್ಳುತ್ತಾರೆ. ನಮ್ಮ ಕೆರೆಗೆ ಒಂದು ಕಡೆ ಮಾತ್ರ ಗೋಡೆ, ಅದೇ ಏರಿ. ಮಣ್ಣಿನ ದಿಬ್ಬ, ನೀರಿನ ಕಡೆಗೆ ಕಲ್ಲು ಹಾಸು. ಉಳಿದ ಮೂರು ಕಡೆ ನೆಲವೇ ಏರುತ್ತಾ ಹೋಗುತ್ತದೆ. ಆ ಹರವು ಕೆರೆಯಂಗಳ. ಏರಿಯ ಹಿಂದಿನ ಗದ್ದೆ ಅಚ್ಚುಕಟ್ಟು. ಇವೆರಡರ ನಡುವೆ ನೀರು ದಾಟುವುದು ಎರಡೇ ಕಡೆ: ತೂಬು ಮತ್ತು ಕೋಡಿ. ಊರಿನ ಜಗಳವೆಲ್ಲ ಈ ಎರಡರದ್ದೇ.

ಏರಿಯ ಪಕ್ಕ ನೀರಿನೊಳಗೆ ನಿಂತ ಎರಡು ಕಲ್ಲುಕಂಬ ಕಂಡರೆ ಅದು ತೂಬು. ಕಂಬಗಳ ಮಧ್ಯೆ ಎರಡೋ ಮೂರೋ ಅಡ್ಡಕಲ್ಲು, ಒಂದೊಂದರ ನಡುವೆ ಒಂದು ತೂತು. ಆ ತೂತುಗಳಲ್ಲಿ ನೇರಕ್ಕೆ ಇಳಿದ ಒಂದು ಗಳು (ಉದ್ದ ಕೋಲು), ಗಳುವಿನ ಕೆಳತುದಿಗೆ ಮೊನೆಯಾದ ಬಿರಡೆ. ತಳದ ಚಪ್ಪಡಿಯ ತೂತಿನಲ್ಲಿ ಬಿರಡೆ ಕೂತರೆ ನೀರು ಬಂದ್. ಅದನ್ನು ಮೇಲೆತ್ತಿದರೆ ಚಪ್ಪಡಿಯ ಕೆಳಗಿನ ಕಲ್ಲಿನ ಮೋರಿಯಲ್ಲಿ ಹಾದು, ಏರಿಯ ಹೊಟ್ಟೆಯೊಳಗಿಂದ ಕಾಲುವೆಗೆ ಬರುತ್ತದೆ. ಸರಳ ಅನ್ನಿಸುತ್ತದೆ. ಆದರೆ ಬಿರಡೆ ಎಷ್ಟು ಎತ್ತಬೇಕು ಅನ್ನುವುದು ದಿನಕ್ಕೊಂದು ಲೆಕ್ಕ. ತೂತಿನ ಮೇಲೆ 16 ಅಡಿ ನೀರಿದ್ದಾಗ ಎಷ್ಟು ಹರಿಯುತ್ತದೋ, ನೀರು 4 ಅಡಿಗೆ ಇಳಿದಾಗ ಅದೇ ಸಂದಿಯಲ್ಲಿ ಅದರ ಅರ್ಧ ಮಾತ್ರ ಹರಿಯುತ್ತದೆ. ಹಾಗಾಗಿ ಕೆರೆ ಇಳಿದ ಹಾಗೆ ಬಿರಡೆಯನ್ನು ಇನ್ನಷ್ಟು ಎತ್ತುತ್ತಾ ಹೋಗಬೇಕು. ಇದನ್ನು ತಿಳಿದವನು ನೀರಗಂಟಿ. ಬಿರಡೆ ಕಸ ಸಿಕ್ಕಿ ಕೂರದಿದ್ದರೆ ಅವನೇ ಮುಳುಗಿ ಬಿಡಿಸಬೇಕು. ಅಪಾಯದ ಕೆಲಸ: ಹರಿಯುವ ತೂತಿಗೆ ಕೈಯೋ ಕಾಲೋ ಸಿಕ್ಕರೆ ಮೇಲಿನ ನೀರಿನ ಒತ್ತಡ ಬಿಡಿಸಿಕೊಳ್ಳಲು ಬಿಡುವುದಿಲ್ಲ.

ನೀರಗಂಟಿತನ ವಂಶಪಾರಂಪರ್ಯವಾಗಿತ್ತು, ಬಹಳ ಕಡೆ ದಲಿತ ಮನೆತನಗಳ ಕೈಯಲ್ಲಿ. ಸಂಬಳ ಇಲ್ಲ, ಸುಗ್ಗಿಯಲ್ಲಿ ಕಣದಲ್ಲೇ ಪ್ರತಿ ರೈತನಿಂದ ಕಾಳಿನ ಪಾಲು, ಜೊತೆಗೆ ಒಂದಿಷ್ಟು ಇನಾಮು ಭೂಮಿ. ಅಚ್ಚುಕಟ್ಟಿನಲ್ಲಿ ದೊಡ್ಡ ಹಿಡುವಳಿ ಇಲ್ಲದವನ ಕೈಗೆ ತೂಬು ಕೊಟ್ಟದ್ದರಲ್ಲಿ ಒಂದು ಜಾಣತನವಿದೆ: ತನ್ನ ಗದ್ದೆಗೆ ಮೊದಲು ಹರಿಸಿಕೊಳ್ಳುವ ಆಸೆ ಅವನಿಗಿಲ್ಲ, ಎಲ್ಲರ ಬೆಳೆ ಬಂದರೆ ಮಾತ್ರ ಅವನ ಪಾಲು ದೊಡ್ಡದಾಗುತ್ತದೆ. ಗೌಡನಿಗೆ ಎದುರು ಹೇಳುವ ಬಲವನ್ನು ಈ ವ್ಯವಸ್ಥೆ ಅವನಿಗೆ ಕೊಟ್ಟಿತ್ತೇ ಅಂದರೆ, ಎಲ್ಲ ಊರಲ್ಲೂ ಖಂಡಿತ ಇಲ್ಲ. ಹಳೆಯ ಕಾಲದ್ದೆಲ್ಲ ಸೊಗಸಾಗಿತ್ತು ಅನ್ನುವವರು ಈ ಭಾಗ ಬಿಟ್ಟು ಹೇಳುತ್ತಾರೆ.

ಅಕ್ಟೋಬರ್ ಮಳೆ ಮುಗಿದ ಮೇಲೆ ಕೆರೆ ಎಷ್ಟು ತುಂಬಿದೆ ನೋಡಿ ಬೆಳೆ ತೀರ್ಮಾನ ಆಗುತ್ತಿತ್ತು. ಲೆಕ್ಕ ಹೀಗೆ: ಭತ್ತಕ್ಕೆ ಒಂದು ಬೆಳೆಗೆ ಸುಮಾರು 1,200 ಮಿ.ಮೀ. ನೀರು ಬೇಕು ಅಂದರೆ ಎಕರೆಗೆ 4,850 ಘನ ಮೀಟರ್. ಹತ್ತು ಲಕ್ಷ ಘನ ಅಡಿ ನೀರಿಗೆ ಆರು ಎಕರೆ ಭತ್ತವೂ ಪೂರ್ತಿ ಬಾರದು. ಅದರ ಮೇಲೆ ಬೇಸಿಗೆಯಲ್ಲಿ ದಿನಕ್ಕೆ 5–6 ಮಿ.ಮೀ. ಆವಿಯಾಗುತ್ತದೆ, ತಿಂಗಳಿಗೆ ಅರ್ಧ ಅಡಿಗಿಂತ ಹೆಚ್ಚು. ನಮ್ಮ ಕೆರೆಗಳು ಹರವು ಹೆಚ್ಚು, ಆಳ ಕಡಿಮೆ; ಆದ್ದರಿಂದ ನೀರು ಕೂಡಿಟ್ಟು ಜಿಪುಣತನ ಮಾಡಿದರೂ ನಷ್ಟವೇ. ಪೂರ್ತಿ ತುಂಬಿದರೆ ಭತ್ತ, ಅರ್ಧವಾದರೆ ರಾಗಿ, ಅದಕ್ಕೂ ಕಡಿಮೆಯಾದರೆ ತೂಬು ಎತ್ತುವಂತಿಲ್ಲ, ದನಕರುಗಳಿಗೆ ಅಂತ ಬಿಡುವುದು. ನಡುವಿನ ಒಂದು ದಾರಿಯೂ ಇತ್ತು: ದಾಮಾಷಾ. ನೀರು ಕಡಿಮೆ ಇದ್ದ ವರ್ಷ ತೂಬಿಗೆ ಹತ್ತಿರದ ತುಂಡು ಗದ್ದೆಯನ್ನು ಮಾತ್ರ ಸಾಗು ಮಾಡುವುದು, ಅದನ್ನೇ ಎಲ್ಲರ ಹಿಡುವಳಿಯ ಪ್ರಮಾಣಕ್ಕೆ ತಕ್ಕಂತೆ ಹಂಚಿಕೊಳ್ಳುವುದು. ಕಾಲುವೆ ಕೊನೆಯಲ್ಲಿ ಜಮೀನಿದ್ದವನಿಗೂ ಆ ವರ್ಷ ತೂಬಿನ ಪಕ್ಕದಲ್ಲೇ ಒಂದು ಪಟ್ಟಿ. ಉದ್ದ ಕಾಲುವೆಯಲ್ಲಿ ಇಂಗಿ ಹೋಗುವ ನೀರು ಉಳಿಯಿತು, ಕೊನೆಯವನೂ ಉಳಿದ.

ಕೋಡಿಯ ಜಗಳ ಇನ್ನೂ ದೊಡ್ಡದು, ಯಾಕೆಂದರೆ ಅದು ಊರು–ಊರುಗಳ ನಡುವಿನದ್ದು. ಕೋಡಿಯ ಎತ್ತರವೇ ಕೆರೆಯ ತುಂಬುಮಟ್ಟ. ಮೇಲಿನ ಊರಿನವರು ಕೋಡಿಗೆ ಒಂದು ಅಡಿ ಕಲ್ಲು ಮಣ್ಣು ಪೇರಿಸಿದರೆ ತಮ್ಮ ನೀರು ಹೆಚ್ಚುತ್ತದೆ, ಕೆಳಗಿನ ಕೆರೆಗೆ ಅಷ್ಟು ಕಡಿಮೆ, ಜೊತೆಗೆ ಅಂಗಳದ ಅಂಚಿನ ಹೊಲ ಮುಳುಗುತ್ತದೆ. ಇದಕ್ಕಿಂತ ಕೆಟ್ಟದ್ದು, ಏರಿಯ ತಲೆಗೂ ನೀರಿಗೂ ಇರಬೇಕಾದ ಅಂತರ ಕರಗುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹತ್ತಿ ಹರಿದರೆ ಅದು ನಿಲ್ಲುವುದಿಲ್ಲ. ಮೇಲಿನ ಕೆರೆ ಒಡೆದ ನೀರು ಒಂದೇ ಏಟಿಗೆ ಕೆಳಗಿನದಕ್ಕೆ ಬಂದರೆ ಅದರ ಕೋಡಿ ಸಾಲದೆ ಅದೂ ಒಡೆಯುತ್ತದೆ, ಹೀಗೆ ಸಾಲಾಗಿ. ಏರಿ ಕೆಡುವುದಕ್ಕೆ ಉಳಿದ ಕಾರಣಗಳು ಸಣ್ಣವು, ಆದರೆ ದಿನಾ ನೋಡಬೇಕಾದವು: ಹೆಗ್ಗಣ ಮತ್ತು ಏಡಿಯ ಬಿಲ, ಏರಿ ಮೇಲೆ ಬೆಳೆದ ಜಾಲಿಯ ಬೇರು ಕೊಳೆತು ಉಳಿದ ಟೊಳ್ಳು, ತೂಬಿನ ಮೋರಿಯ ಹೊರಮೈಗೆ ಅಂಟಿ ಜಿನುಗುವ ನೀರು. ಜಿನುಗು ತಿಳಿಯಾಗಿದ್ದರೆ ಕಾಯಬಹುದು. ಮಣ್ಣು ಬೆರೆತು ಕೆಂಪಾಗಿ ಬಂದರೆ ಒಳಗೆ ಕೊರೆಯುತ್ತಿದೆ ಅಂತ ಅರ್ಥ, ಆ ಕ್ಷಣವೇ ತೂಬು ಎತ್ತಿ ಮಟ್ಟ ಇಳಿಸಬೇಕು.

ಈಗ ಗಡಿಯ ವಿಷಯಕ್ಕೆ. ನಮ್ಮ ಪಕ್ಕದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಸಂಸ್ಕೃತ ಶಾಸನವಿದೆ, ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದ್ದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗ, ಕೆರೆಗೆ ಇರಬಾರದ ಆರು ದೋಷಗಳನ್ನು ಅದು ಪಟ್ಟಿ ಮಾಡುತ್ತದೆ. ಏರಿ ಜಿನುಗುವುದು, ಚೌಳು ನೆಲ, ಅಂಗಳದ ನಡುವೆ ಉಬ್ಬು, ನೀರು ಕಡಿಮೆ ಗದ್ದೆ ಹೆಚ್ಚು, ನೀರು ಹೆಚ್ಚು ಗದ್ದೆ ಕಡಿಮೆ, ಇವು ಐದು. ಆರನೆಯದು ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು. ಐದು ದೋಷಕ್ಕೆ ಸಲಿಕೆ, ಕಲ್ಲು, ಲೆಕ್ಕ ಏನಾದರೂ ಮದ್ದು ಇದೆ. ಆರನೆಯದಕ್ಕೆ ಮದ್ದು ಹುಡುಕುತ್ತಲೇ ಇದ್ದೇವೆ.

1892ರಲ್ಲಿ ಮೈಸೂರು ಮತ್ತು ಮದರಾಸು ಸರ್ಕಾರಗಳು ಒಂದು ಒಪ್ಪಂದ ಮಾಡಿಕೊಂಡವು. ಪಟ್ಟಿಯಲ್ಲಿ ಹೆಸರಿಸಿದ 15 ನದಿಗಳ ಮೇಲೆ ಮದರಾಸಿನ ಒಪ್ಪಿಗೆ ಮೊದಲೇ ಪಡೆಯದೆ ಮೈಸೂರು ಹೊಸ ನೀರಾವರಿ ಕಟ್ಟೆ ಕಟ್ಟುವಂತಿಲ್ಲ. ಕಾವೇರಿಯ ಗಲಾಟೆಯಲ್ಲಿ ಈ ಕಾಗದದ ಹೆಸರು ಎಲ್ಲರೂ ಕೇಳಿದ್ದಾರೆ. ಆದರೆ ಅದೇ ಪಟ್ಟಿಯಲ್ಲಿ ನಮ್ಮ ಐದೂ ನದಿಗಳಿವೆ ಅನ್ನುವುದು ಹೊರಗೆ ಅಷ್ಟಾಗಿ ಗೊತ್ತಿಲ್ಲ. ದಕ್ಷಿಣ ಪಿನಾಕಿನಿಗೆ ಸೇರುವ ಮಾರ್ಕಂಡೇಯ ಹೊಳೆಗೆ ಯರಗೋಳದಲ್ಲಿ ಕುಡಿಯುವ ನೀರಿಗೆಂದು ಅಣೆಕಟ್ಟು ಎದ್ದಾಗ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ನವೆಂಬರ್‌ನಲ್ಲಿ ಕೋರ್ಟ್ ಆ ಅರ್ಜಿ ತಳ್ಳಿಹಾಕಿ, ಬೇಕಿದ್ದರೆ ನ್ಯಾಯಮಂಡಳಿ ರಚಿಸಿ ಅಂತ ಕೇಂದ್ರವನ್ನು ಕೇಳಿ ಅಂದಿತು. ಪಾಲಾರಿನ ಮೇಲೆ ಕುಪ್ಪಂ ಕಡೆಯ ಅಡ್ಡಗಟ್ಟೆಗಳ ವಿಚಾರದಲ್ಲಿ ಆಂಧ್ರಕ್ಕೂ ತಮಿಳುನಾಡಿಗೂ ಇಂಥದ್ದೇ ವ್ಯಾಜ್ಯ. ಮೇಲಿನ ಊರು ಕೋಡಿ ಎತ್ತಿಸಿತು ಅನ್ನುವ ಅದೇ ದೂರು, ವಕೀಲರು ಮಾತ್ರ ದೊಡ್ಡವರು.

ಒಳಗಿನ ವ್ಯವಸ್ಥೆ ಕೆಟ್ಟದ್ದು ಬೇರೆ ದಾರಿಯಲ್ಲಿ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆಯಿತು. ತೆಗೆದದ್ದು ನ್ಯಾಯವೇ, ಆದರೆ ತೂಬು ನೋಡುವ ಕೆಲಸಕ್ಕೆ ಅವನ ಜಾಗದಲ್ಲಿ ಯಾರೂ ಬರಲಿಲ್ಲ. ಈಗ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಪಂಚಾಯಿತಿಗೆ. ಮೇಲಿನ ಕೆರೆ ಒಬ್ಬರದ್ದು, ಕೋಡಿ ಬೀಳುವ ಕೆಳಗಿನದು ಇನ್ನೊಬ್ಬರದ್ದು, ನಡುವಿನ ರಾಜಕಾಲುವೆ ಕಂದಾಯ ಇಲಾಖೆಯದ್ದು. ಅಷ್ಟರಲ್ಲಿ ಬೋರ್‌ವೆಲ್ ಬಂತು, ಸಾವಿರ ಅಡಿ ದಾಟಿತು, ಫ್ಲೋರೈಡ್ ಮೇಲೆ ತಂತು. ಸ್ವಂತ ಮೋಟಾರು ಇದ್ದವನು ಕೆರೆಯ ಸಭೆಗೆ ಯಾಕೆ ಬರಬೇಕು?

2018ರ ಜೂನ್‌ನಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೆರೆಗಳಿಗೆ ಬರುತ್ತಿದೆ; ಮೊದಲು ಲಕ್ಷ್ಮೀಸಾಗರ ಕೆರೆಗೆ. ಯೋಜನೆ ದಿನಕ್ಕೆ 44 ಕೋಟಿ ಲೀಟರಿನದು, ಸಂಸ್ಕರಣೆ ಎರಡನೇ ಹಂತದವರೆಗೆ ಮಾತ್ರ. ಉದ್ದೇಶ ಅಂತರ್ಜಲ ತುಂಬಿಸುವುದು, ತೂಬು ಎತ್ತಿ ಗದ್ದೆಗೆ ಬಿಡುವುದಲ್ಲ. ಬೋರ್‌ವೆಲ್‌ಗಳಿಗೆ ನೀರು ಬಂದದ್ದು ನಿಜ. ಆದರೆ ವರ್ಷವಿಡೀ ತುಂಬಿ ನಿಂತ ಕೆರೆಯಲ್ಲಿ ಹೂಳೆತ್ತಲು ಆಗುವುದಿಲ್ಲ, ತೂಬಿನ ಬುಡ, ಕಲ್ಲು ಹಾಸು ನೋಡಲು ಆಗುವುದಿಲ್ಲ. ಮೊದಲು ಬೇಸಿಗೆ ಆ ಅವಕಾಶ ಕೊಡುತ್ತಿತ್ತು. ಹೂಳೆತ್ತುವ ಕಡೆಯೂ ಜೆಸಿಬಿಯವರು ತೂಬಿನ ಮಟ್ಟಕ್ಕಿಂತ ಕೆಳಗೆ ಗುಂಡಿ ತೋಡಿ ಆಳ ಮಾಡಿದೆವು ಅನ್ನುತ್ತಾರೆ. ಆ ಗುಂಡಿಯ ನೀರು ತೂಬಿಗೆ ಹತ್ತುವುದೇ ಇಲ್ಲ, ದನಕ್ಕೆ ಮತ್ತು ಇಂಗುವುದಕ್ಕೆ ಮಾತ್ರ. ಏರಿಯ ಬುಡಕ್ಕೆ ಹತ್ತಿರ ತೋಡಿದರಂತೂ ಏರಿಯೇ ಜಾರಬಹುದು.

ಈ ಕಡೆ ಜಮೀನು ಕೊಳ್ಳುವ ಯೋಚನೆ ಇದೆ ಅಂದಿದ್ದೀರಲ್ಲ, ಪಹಣಿಯೊಂದನ್ನೇ ನಂಬಬೇಡಿ. ಗ್ರಾಮ ನಕ್ಷೆ ತೆಗೆಸಿ, ನಿಮ್ಮ ಸರ್ವೆ ನಂಬರಿನಲ್ಲಿ ಅಥವಾ ಪಕ್ಕದಲ್ಲಿ ಹಳ್ಳದ ಗೆರೆ ಇದೆಯೇ, ಬಿ ಖರಾಬು (ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ) ಎಷ್ಟಿದೆ ನೋಡಿ. ಆಮೇಲೆ ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಯವರೆಗೆ ಕಾಲುವೆ ಹಿಡಿದು ಒಮ್ಮೆ ನಡೆಯಿರಿ. ಐದಾರು ವರ್ಷ ಕೋಡಿ ಬೀಳದ ಕಡೆ ಕಾಲುವೆ ಹೊಲದಂತೆಯೇ ಕಾಣುತ್ತದೆ, ಬೇಲಿಯೂ ಇರುತ್ತದೆ. ಕೋಡಿ ಬಿದ್ದ ವರ್ಷ ನೀರು ಹರಿಯುವುದು ಹಳೆಯ ದಾರಿಯಲ್ಲೇ.