ಡಿಮ್ಮು ಬೋರ್ಗಿರ್ ನಿಜಕ್ಕೂ ಹಾಳಾಯ್ತಾ?

ಪ್ರಶ್ನೆ: ನಾನೂ ನನ್ನ ರೂಮ್‌ಮೇಟೂ ಇಬ್ರೂ ನಾರ್ವೆಯ ಬ್ಲ್ಯಾಕ್ ಮೆಟಲ್ ಬ್ಯಾಂಡ್ ಡಿಮ್ಮು ಬೋರ್ಗಿರ್‌ನ ಫ್ಯಾನ್ಸ್, ಆದ್ರೆ ದಿನಾ ಜಗಳ. 1996ರ ಸ್ಟೋರ್ಮ್‌ಬ್ಲೋಸ್ಟ್ ಆಲ್ಬಮ್ ಆದ್ಮೇಲೆ ಮಾಡಿದ್ದೆಲ್ಲ ದುಡ್ಡಿಗೋಸ್ಕರ ಅಂತಾನೆ ಅವ. ನಾನು ಕೇಳ್ಲಿಕ್ಕೆ ಶುರು ಮಾಡಿದ್ದೇ 2010ರ ಅಬ್ರಹದಬ್ರದಿಂದ, ನಂಗೆ ಆ ಆರ್ಕೆಸ್ಟ್ರಾನೇ ಇಷ್ಟ. ಯಾರು ಸರಿ?
— ಓದುಗ, ಮಣಿಪಾಲ

ಉತ್ತರ: ದುಡ್ಡಿಗೋಸ್ಕರ ಅನ್ನೋದನ್ನ ನಾನು ಒಪ್ಪಲ್ಲ ಮಾರ್ರೆ. ಸಿಂಫನಿ ಆಸೆ ಅವ್ರಿಗೆ ಮೊದ್ಲಿಂದ್ಲೂ ಉಂಟು, ಸ್ಟೋರ್ಮ್‌ಬ್ಲೋಸ್ಟ್ ಶುರುವಾಗೋದೇ ಕೀಬೋರ್ಡಿಂದ ಅಲ್ವಾ. 1997ರಲ್ಲಿ ನ್ಯೂಕ್ಲಿಯರ್ ಬ್ಲಾಸ್ಟ್ ಅನ್ನೋ ರೆಕಾರ್ಡ್ ಕಂಪೆನಿಗೆ ಹೋಗಿ, ನಾರ್ವೇಜಿಯನ್ ಬಿಟ್ಟು ಇಂಗ್ಲಿಷಲ್ಲಿ ಹಾಡಿ, ಸ್ವೀಡನ್ನಿನ ಸ್ಟುಡಿಯೋದಲ್ಲಿ ಕ್ಲೀನಾಗಿ ರೆಕಾರ್ಡ್ ಮಾಡಿದ್ರಲ್ಲ, ಹಳಬ್ರಿಗೆ ನೋವಾಗಿದ್ದು ಅಲ್ಲಿ. ಅದು ನಂಗೆ ಅರ್ಥ ಆಗ್ತದೆ, ಯಾಕಂದ್ರೆ 2005ರಲ್ಲಿ ಬ್ಯಾಂಡೇ ಸ್ಟೋರ್ಮ್‌ಬ್ಲೋಸ್ಟನ್ನ ಹೆಲ್‌ಹ್ಯಾಮರ್ ಅನ್ನೋ ಡ್ರಮ್ಮರ್ ಜೊತೆ ಹೊಸದಾಗಿ ರೆಕಾರ್ಡ್ ಮಾಡಿ ಕೊಟ್ರೂ ಸುಮಾರು ಜನ ಹಳೇದಕ್ಕೇ ವಾಪಸ್ ಹೋದ್ರು, ಅವ್ರಿಗೆ ಬೇಕಿದ್ದದ್ದು ಬರೀ ಟ್ಯೂನ್ ಅಲ್ಲ, ಆ ಮಂಜು ಮುಸುಕಿದ ಹಾಗಿನ ಮಸುಕು ಸೌಂಡು.

ಆದ್ರೆ ಆರ್ಕೆಸ್ಟ್ರಾ ಬಂದಿದ್ದೇ ತಪ್ಪು ಅಂದ್ರೆ ಇಲ್ಲ. 2001ರ ಆಲ್ಬಮ್ಮಿಗೆ ಸ್ವೀಡನ್ನಿನ ಗೋಥೆನ್‌ಬರ್ಗಿನ ಒಪೆರಾ ವಾದಕರು, 2003ರ ಡೆತ್ ಕಲ್ಟ್ ಆರ್ಮಗೆಡ್ಡನ್‌ಗೆ ಪ್ರಾಗ್‌ನ ಆರ್ಕೆಸ್ಟ್ರಾ, ಆಗ ಗಿಟಾರ್ ರಿಫ್ಫೂ ವಯಲಿನ್ನೂ ಒಂದಕ್ಕೊಂದು ಎದುರು ನಿಂತು ಸೆಣಸ್ತಾವೆ, ನನ್ನ ಪ್ರಕಾರ ಬ್ಯಾಂಡಿನ ಬೆಸ್ಟ್ ಕಾಲ ಅದೇ. ಯಕ್ಷಗಾನದಲ್ಲಿ ಚೆಂಡೆ ಎಷ್ಟು ಜೋರು ಬೇಕಾದ್ರೂ ಬಾರಿಸ್ಲಿ, ಭಾಗವತರ ಪದ ಕೇಳ್ಬೇಕು, ಅಷ್ಟೇ.

ಅಬ್ರಹದಬ್ರದಲ್ಲಿ ಆ ಪದ, ಅಂದ್ರೆ ಗಿಟಾರು, ಕೇಳೂದಿಲ್ಲ. 2009ರಲ್ಲಿ ಕೀಬೋರ್ಡಿನ ಮುಸ್ಟಿಸ್, ಬಾಸ್ ಬಾರಿಸ್ತಾ ತೆರೆದ ಗಂಟಲಲ್ಲಿ ಹಾಡ್ತಿದ್ದ ವೋರ್ಟೆಕ್ಸ್, ಇಬ್ರೂ ಹೋದ್ರು. ಆಮೇಲೆ ಬಂದ ಆಲ್ಬಮ್ಮಿಗೆ ನಾರ್ವೆ ರೇಡಿಯೋದ ಆರ್ಕೆಸ್ಟ್ರಾ, ಮೇಲೆ ಕ್ವಾಯರು ಅಂದ್ರೆ ಗುಂಪು ಗಾಯಕರು, ಕೇಳ್ಲಿಕ್ಕೆ ಭವ್ಯ ಹೌದು, ಗಿಟಾರ್ ಮಾತ್ರ ಹಿಂದೆ ಎಲ್ಲೋ ಗೊರಗೊರ ಅಂತ ಇರ್ತದೆ. 2018ರ ಇಯೋನಿಯನ್‌ನಲ್ಲೂ ಕ್ವಾಯರೇ ಮುಂದೆ. ಹಾಗಾಗಿ ನಿಮ್ಮ ರೂಮ್‌ಮೇಟಿನ ಸಿಟ್ಟು ಸುಳ್ಳಲ್ಲ, ಆದ್ರೆ ಇಸವಿ ತಪ್ಪು, 1996 ಅಲ್ಲ 2010 ಅನ್ಬೇಕಿತ್ತು. ಮತ್ತೆ ನಿಮ್ಗೆ ಅಬ್ರಹದಬ್ರ ಇಷ್ಟ ಆದ್ರೆ ಆಗ್ಲಿ, ಅದಕ್ಕೆ ನಾಚಿಕೆ ಯಾಕೆ, ಅದ್ರಿಂದ್ಲೇ ಈ ಮ್ಯೂಸಿಕ್ಕಿಗೆ ಬಂದವ್ರು ನೀವೊಬ್ರೇ ಅಲ್ಲ.

ಒಂದು ಕೆಲ್ಸ ಮಾಡಿ, ಇಬ್ರೂ ಕೂತು 2003ರ ಆಲ್ಬಮ್ ಪೂರ್ತಿ ಹೆಡ್‌ಫೋನಲ್ಲಿ ಕೇಳಿ, ಆರ್ಕೆಸ್ಟ್ರಾ ಬಿಟ್ಟು ಗಿಟಾರ್ ಹಿಂದೆನೇ ಕಿವಿ ಓಡ್ಸಿ. ‘ಪ್ರೊಜೆನೀಸ್’ ಹಾಡಲ್ಲಿ ವೋರ್ಟೆಕ್ಸ್ ದನಿ ಎತ್ತುವಾಗ ನಿಮ್ಮ ರೂಮ್‌ಮೇಟ್ ಏನು ಹೇಳ್ತಾನೆ ಅಂತ ನಂಗೆ ಬರೀರಿ.