ರಾತ್ರಿ ಮಾತ್ರ ‘ವಿಡಿಯೋ ಲಾಸ್’ ಬಂದರೆ ಡಿವಿಆರ್ ಬದಲಾಯಿಸಬೇಕಾ?

ಗೋಡೌನಿನ ನಾಲ್ಕು ಕ್ಯಾಮೆರಾಗಳಲ್ಲಿ ಗೇಟಿನದ್ದು ಮಾತ್ರ ಕತ್ತಲಾದ ಮೇಲೆ ‘ವಿಡಿಯೋ ಲಾಸ್’ ತೋರಿಸುತ್ತದೆ, ಹಗಲು ಸರಿ ಇರುತ್ತದೆ, ಫಿಟ್ಟಿಂಗಿನವರು ಡಿವಿಆರ್ (ರೆಕಾರ್ಡಿಂಗ್ ಪೆಟ್ಟಿಗೆ) ಹೋಗಿದೆ ಅಂದರು ಅಂತ ಬರೆದಿದ್ದೀರಿ. ಸದ್ಯಕ್ಕೆ ಡಿವಿಆರ್‌ಗೆ ದುಡ್ಡು ಹಾಕಬೇಡಿ. ಕೆಟ್ಟ ಡಿವಿಆರ್‌ಗೆ ಹಗಲು ರಾತ್ರಿ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ನಾನು ಸಿಸಿಟಿವಿ ಫಿಟ್ಟಿಂಗ್, ರಿಪೇರಿ ಮಾಡುವವನು. ಇಂಥ ಕಂಪ್ಲೇಂಟ್ ಬಂದರೆ ಮೊದಲು ನೋಡುವುದು ಪವರ್ ಲೈನು.

ಆದರೂ ಅನುಮಾನ ಕಳೆದುಕೊಳ್ಳಿ. ಡಿವಿಆರ್ ಹಿಂದೆ ಗೇಟಿನ ವಿಡಿಯೋ ವೈರಿನ ತುದಿಯ ಕನೆಕ್ಟರ್ ಆದ ಬಿಎನ್‌ಸಿಯನ್ನೂ ಚೆನ್ನಾಗಿ ಬರುವ ಇನ್ನೊಂದನ್ನೂ ಅದಲು ಬದಲು ಮಾಡಿ, ಸಂಜೆ ತನಕ ಕಾಯಿರಿ. ಲಾಸ್ ಕೂಡ ಗೇಟಿನ ವೈರ್ ಜೊತೆಗೇ ಹೊಸ ಚಾನೆಲ್‌ಗೆ ಹೋದರೆ ಡಿವಿಆರ್ ಸರಿ ಇದೆ. ಹಳೇ ಚಾನೆಲ್‌ನಲ್ಲೇ ಉಳಿದರೆ ಮಾತ್ರ ಆ ಪೋರ್ಟ್ ಹೋಗಿದೆ. ಆಗಲೂ ಅದು ಎಂಟು ಚಾನೆಲ್‌ನದ್ದಾದರೆ ಖಾಲಿ ಪೋರ್ಟ್ ಇದ್ದೇ ಇದೆ ಅಲ್ವಾ?

ಈಗ ಅಸಲು ವಿಷಯ. ಕತ್ತಲಾದರೆ ಕ್ಯಾಮೆರಾದಲ್ಲಿ ಕಣ್ಣಿಗೆ ಕಾಣದ ಬೆಳಕು ಕೊಡುವ ಐಆರ್ ಎಲ್‌ಇಡಿಗಳು ಹತ್ತಿಕೊಳ್ಳುತ್ತವೆ, ಕರೆಂಟ್ ಜಾಸ್ತಿ ಎಳೆಯುತ್ತವೆ. ಗೇಟು 60 ಮೀಟರ್ ದೂರ, ಪವರ್ ವೈರ್ 0.25 ಚದರ ಮಿಲಿಮೀಟರ್ ತಾಮ್ರ ಅಂತ ಇಟ್ಟುಕೊಳ್ಳಿ. ಹೋಗುವ, ಬರುವ ಎರಡೂ ಎಳೆ ಸೇರಿ ಸುಮಾರು 8 ಓಮ್ ಆಗುತ್ತದೆ. ಹಗಲು ಕ್ಯಾಮೆರಾ 0.15 ಆಂಪಿಯರ್ ಎಳೆದರೆ ದಾರಿಯಲ್ಲಿ ಕಳೆಯುವುದು 1.2 ವೋಲ್ಟ್, ಅಷ್ಟನ್ನು ತಡೆದುಕೊಳ್ಳುತ್ತದೆ. ರಾತ್ರಿ 0.5 ಆಂಪಿಯರ್ ಆದರೆ 4 ವೋಲ್ಟ್ ಹೋಯಿತು. ಎಸ್‌ಎಂಪಿಎಸ್ (ಕ್ಯಾಮೆರಾಗಳಿಗೆ ಪವರ್ ಕೊಡುವ ಪೆಟ್ಟಿಗೆ) 12 ಕೊಟ್ಟರೂ ಗೇಟಿಗೆ ತಲುಪುವುದು 8. ಕ್ಯಾಮೆರಾ ಆಫ್ ಆಗುತ್ತದೆ, ಲೋಡ್ ಇಳಿಯುತ್ತದೆ, ಮತ್ತೆ ಆನ್ ಆಗುತ್ತದೆ, ಮತ್ತೆ ಆಫ್. ಇನ್ನು ಮೂರು ಪವರ್ ಎಳೆ, ಒಂದು ವಿಡಿಯೋ ವೈರ್ ಒಟ್ಟಿಗಿರುವ ಅಗ್ಗದ 3+1 ಕೇಬಲ್‌ನಲ್ಲಿ ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ ಇರುತ್ತದೆ. ಅದರಲ್ಲಿ ನಷ್ಟ ಇನ್ನೂ ಜಾಸ್ತಿ. ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದೇ.

ಅಳೆಯುವಾಗ ಒಂದು ಎಚ್ಚರ. ಕ್ಯಾಮೆರಾಕ್ಕೆ ಪವರ್ ಕೊಡುವ ಡಿಸಿ ಪಿನ್ ಬಿಚ್ಚಿಟ್ಟು ಮಲ್ಟಿಮೀಟರ್ ಹಿಡಿದರೆ 12 ವೋಲ್ಟೇ ತೋರಿಸುತ್ತದೆ. ಲೋಡ್ ಇಲ್ಲದಾಗ ವೈರಿನಲ್ಲಿ ಏನೂ ಕಳೆಯುವುದಿಲ್ಲವಲ್ಲ. ಬಹಳ ಜನ ಇಲ್ಲೇ ಮೋಸ ಹೋಗಿ ‘ಪವರ್ ಸರಿ ಇದೆ’ ಅಂದುಬಿಡುತ್ತಾರೆ. ಕ್ಯಾಮೆರಾ ಚಾಲೂ ಇರುವಾಗ, ಅದರ ತುದಿಯಲ್ಲೇ, ಪಿನ್ನಿನ ಸ್ಕ್ರೂಗಳ ಮೇಲೆ ಮೀಟರ್ ಕಡ್ಡಿ ಇಡಿ. ರಾತ್ರಿ ತನಕ ಏಣಿ ಹಿಡಿದು ಕೂರಬೇಕಾಗಿಲ್ಲ, ಕ್ಯಾಮೆರಾದ ಮುಖಕ್ಕೆ ದಪ್ಪ ಕಪ್ಪು ಬಟ್ಟೆ ಸುತ್ತಿದರೆ ಹಗಲಲ್ಲೇ ಐಆರ್ ಹತ್ತುತ್ತದೆ. ಆಗ 12ರ ಹತ್ತಿರ ಇದ್ದದ್ದು 9ರ ಕೆಳಗೆ ಇಳಿದರೆ ಕಳ್ಳ ಸಿಕ್ಕಿದ ಹಾಗೆ.

ಪರಿಹಾರಕ್ಕೆ ಗೇಟಿನ ಹತ್ತಿರ ಪ್ಲಗ್ ಇದ್ದರೆ ಅಲ್ಲೇ 12 ವೋಲ್ಟಿನ ಬೇರೆ ಅಡಾಪ್ಟರ್ ಕೊಡಿ. ಇಲ್ಲದಿದ್ದರೆ ದಪ್ಪ ವೈರ್ ಎಳೆಸಿ. 3+1ರಲ್ಲಿ ಸುಮ್ನೆ ಉಳಿದ ಮೂರನೇ ಎಳೆಯನ್ನು ನೆಗೆಟಿವ್ ಜೊತೆ ಎರಡೂ ತುದಿಯಲ್ಲಿ ಸೇರಿಸಿದರೂ 8 ಓಮ್ 6ಕ್ಕೆ ಇಳಿಯುತ್ತದೆ, ಕೆಲವೊಮ್ಮೆ ಅಷ್ಟೇ ಸಾಕಾಗುತ್ತದೆ. ಎಸ್‌ಎಂಪಿಎಸ್ ಪೆಟ್ಟಿಗೆ ತೆರೆಯುವಾಗ ಮೇನ್ ಆಫ್ ಮಾಡಿ, ಒಳಗಿನ ಸ್ಕ್ರೂಗಳಲ್ಲಿ 230 ವೋಲ್ಟ್ ಇರುತ್ತದೆ.

ವೋಲ್ಟೇಜ್ ಸರಿಯಿದ್ದೂ ಲಾಸ್ ಬಂದರೆ ಆಗ ವಿಡಿಯೋ ವೈರ್ ನೋಡಿ. ಮಲ್ಟಿಮೀಟರಿನಲ್ಲಿ ಸಿಗ್ನಲ್ ಅಳೆಯಲು ಹೋಗಬೇಡಿ, ಅದಕ್ಕೆ ಪುಟ್ಟ ಸ್ಕ್ರೀನಿನ ಸಿಸಿಟಿವಿ ಟೆಸ್ಟರ್ ಬೇಕು. ವೈರಿನ ಎರಡೂ ತುದಿ ಬಿಚ್ಚಿ, ನಡುವಿನ ತಂತಿಗೂ ಸುತ್ತಲಿನ ಜಾಲರಿಗೂ ಬೀಪ್ ಬಂದರೆ ಶಾರ್ಟ್. ಬರದಿದ್ದರೆ ಆ ತುದಿಯಲ್ಲಿ ಎರಡನ್ನೂ ಸೇರಿಸಿ ಈ ತುದಿಯಲ್ಲಿ ನೋಡಿ, ಈಗ ಬೀಪ್ ಬರಲೇಬೇಕು. ಮಳೆಗಾಲ ಕಳೆದ ಮೇಲೆ ಜಾಯಿಂಟ್ ಬಾಕ್ಸಿನೊಳಗಿನ ಬಿಎನ್‌ಸಿ ಹಸಿರು ಹಿಡಿದಿದ್ದರೆ ಉಜ್ಜುತ್ತಾ ಕೂರಬೇಡಿ, ಕತ್ತರಿಸಿ ಹೊಸದು ಹಾಕಿಸಿ.

ಚಿತ್ರ ಹೋಗದೆ ಅಡ್ಡ ಗೆರೆಗಳು ನಿಧಾನಕ್ಕೆ ಮೇಲೆ ಕೆಳಗೆ ಸರಿಯುತ್ತಿದ್ದರೆ ಪವರ್ ನೆಗೆಟಿವ್ ಸಡಿಲವಾಗಿದೆಯಾ ನೋಡಿ. ಕ್ಯಾಮೆರಾದೊಳಗೆ ನೆಗೆಟಿವ್‌ಗೂ ವಿಡಿಯೋ ಜಾಲರಿಗೂ ಸಂಪರ್ಕ ಇರುತ್ತದೆ. ನೆಗೆಟಿವ್ ಬಿಟ್ಟರೆ ಕರೆಂಟ್ ಜಾಲರಿಯ ಮೂಲಕ ವಾಪಸ್ ಬಂದು ಚಿತ್ರ ಕೆಡಿಸುತ್ತದೆ. ಬಟ್ಟೆ ಸುತ್ತಿದಾಗ ಮೀಟರ್ ಎಷ್ಟು ತೋರಿಸಿತು ಅಂತ ಕಾಮೆಂಟಿನಲ್ಲಿ ಹಾಕಿ, ಎಷ್ಟು ದಪ್ಪದ ವೈರ್ ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.