‘ಡಿಫೆಕ್ಟಿವ್’ ಎಂದರೆ ಏನು? ‘ಡ್ಯಾಮೇಜ್ಡ್’ ಎಂಬುದಕ್ಕಿಂತ ಅದು ಹೇಗೆ ಬೇರೆ?

ಎರಡೂ ದೋಷವನ್ನೇ ಹೇಳಿದರೂ ಅರ್ಥ ಒಂದೇ ಅಲ್ಲ. ‘ಕೊರತೆ ಬೀಳು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದ ‘ಡಿಫೆಕ್ಟಿವ್’ ಸಾಮಾನ್ಯವಾಗಿ ತಯಾರಿಕೆಯಲ್ಲಿಯೇ ಉಳಿದುಹೋದ ಕುಂದನ್ನು ಸೂಚಿಸುತ್ತದೆ. ಸರಿಯಾಗಿದ್ದ ವಸ್ತು ಆಮೇಲೆ ಪೆಟ್ಟು ತಿಂದು ಹಾಳಾದರೆ ಅದು ‘ಡ್ಯಾಮೇಜ್ಡ್’.

ಮಂಗಳೂರು ಹಂಚು ಕೊಳ್ಳುವಾಗ ಹಿರಿಯರು ಬೆರಳ ಗೆಣ್ಣಿನಿಂದ ಒಂದೊಂದನ್ನೇ ತಟ್ಟಿ ನೋಡುವುದನ್ನು ನೀವು ಕಂಡಿರಬಹುದು. ಚೆನ್ನಾಗಿ ಬೆಂದ ಹಂಚು ಠಣ್ ಎಂದು ನಾದ ಕೊಡುತ್ತದೆ. ಸುಡುವಾಗಲೇ ಕೂದಲೆಳೆಯಷ್ಟು ಸೀಳು ಬಿಟ್ಟದ್ದು, ಕಣ್ಣಿಗೆ ಎಷ್ಟೇ ಚೆಂದ ಕಂಡರೂ, ಒಡಕು ದನಿ ಮಾಡುತ್ತದೆ. ಅದು ಡಿಫೆಕ್ಟಿವ್. ಲಾರಿಯಿಂದ ಇಳಿಸುವಾಗ ಮೂಲೆ ಮುರಿದದ್ದು ಡ್ಯಾಮೇಜ್ಡ್. ನಮ್ಮೂರಿನ ಅಂಗಡಿಗಳಲ್ಲಿ ಎರಡಕ್ಕೂ ‘ಡ್ಯಾಮೇಜ್ ಉಂಟು’ ಎಂದುಬಿಡುತ್ತೇವಾದರೂ, ಲಿಖಿತ ದೂರು ಕೊಡುವಾಗ ಪದವನ್ನು ಎಚ್ಚರದಿಂದ ಆರಿಸಿಕೊಳ್ಳುವುದು ಒಳ್ಳೆಯದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸರಕಿನ ಗುಣಮಟ್ಟ, ಪ್ರಮಾಣ, ಶುದ್ಧತೆ ಮೊದಲಾದವುಗಳಲ್ಲಿನ ಕುಂದನ್ನು ‘ಡಿಫೆಕ್ಟ್’ ಎಂದೂ ಸೇವೆಯಲ್ಲಿನ ಲೋಪವನ್ನು ‘ಡಿಫಿಶಿಯೆನ್ಸಿ’ ಎಂದೂ ಪ್ರತ್ಯೇಕವಾಗಿ ವಿವರಿಸಿದೆ.

ಅಂಗವೈಕಲ್ಯವಿರುವವರ ಬಗ್ಗೆ ಮಾತ್ರ ‘ಡಿಫೆಕ್ಟಿವ್’ ಎಂಬ ವಿಶೇಷಣವನ್ನು ದಯವಿಟ್ಟು ಬಳಸಬೇಡಿ. ಅದು ನೋಯಿಸುವ ಮಾತು.

ವ್ಯಾಕರಣದಲ್ಲಿ ಈ ಪದಕ್ಕೆ ನಿಂದೆಯ ಛಾಯೆಯೇ ಇಲ್ಲ. ಎಲ್ಲ ಕಾಲಗಳ ರೂಪಗಳನ್ನು ತಾಳದ, ಇಂಗ್ಲಿಷಿನ ‘ಮಸ್ಟ್’ನಂತಹ ಕ್ರಿಯಾಪದವನ್ನು ‘ಡಿಫೆಕ್ಟಿವ್ ವರ್ಬ್’ ಎನ್ನುತ್ತಾರೆ. ಉಡುಪಿ, ಮಂಗಳೂರಿನ ನಾವು ದಿನವಿಡೀ ಆಡುವ ‘ಉಂಟು’ ಕೂಡ ಅಂಥದ್ದೇ: ಇಂದು ‘ಕೆಲಸ ಉಂಟು’ ಎನ್ನುವವರು ನಿನ್ನೆಯದಕ್ಕೆ ‘ಕೆಲಸ ಇತ್ತು’ ಎಂದೇ ಹೇಳಬೇಕಾಗುತ್ತದೆ.